ಕಲ್ಲಿನ ಸಾಲು, ಪುಟದ ಸಾಲು: ತರೀಕೆರೆ ಸೀಮೆಯ ಶಾಸನಗಳೂ ಕೋಡ್ ಮುದ್ರಣದ ಚರಿತ್ರೆಯೂ

ಅಚ್ಚಾಗುವ ಬರಹಗಳಲ್ಲಿ ಹೆಚ್ಚಿನವಕ್ಕೆ ಸಾಲು ಎಲ್ಲಿ ಮುರಿಯುತ್ತದೆ ಎಂಬುದು ಮುಖ್ಯವಲ್ಲ. ಕಾದಂಬರಿಯ ವಾಕ್ಯವೊಂದು ಪುಟದ ಅಗಲಕ್ಕೆ ತಕ್ಕಂತೆ ಎಲ್ಲಿ ಬೇಕಾದರೂ ತಿರುಗಬಹುದು, ಪದಗಳ ನಡುವಿನ ತೆರಪು ಹಿಗ್ಗಬಹುದು, ಕುಗ್ಗಬಹುದು, ಹಳೆಯ ಕಾಗುಣಿತ ಹೊಸ ರೂಢಿಗೆ ಬರಬಹುದು. ಅದರಿಂದ ಓದುವವರಿಗೆ ನಷ್ಟವಾಗುವುದಿಲ್ಲ. ಆದರೆ ಮುದ್ರಕನು ತನ್ನ ಇಚ್ಛೆಯಂತೆ ಮುಟ್ಟಬಾರದ ಬರಹಗಳೂ ಇವೆ. ಅಲ್ಲಿ ಸಾಲು, ತೆರಪು, ಚಿಹ್ನೆ, ಕೊನೆಗೆ ಬರೆದವರ ತಪ್ಪು ಕೂಡ ಬರಹದ ಭಾಗವೇ ಆಗಿರುತ್ತದೆ, ಮತ್ತು ಅಚ್ಚಾದ ಪುಟವನ್ನು ಕೈಯಲ್ಲಿ ಹಿಡಿದವರು ಅದರ ಮೂಲಕ್ಕೆ ಮರಳಿ ಹೋಗಿ ಒಂದೊಂದು ಅಕ್ಷರವನ್ನೂ ತಾಳೆ ನೋಡುವಂತಿರಬೇಕು. ಕಲ್ಲಿನ ಮೇಲೆ ಕಂಡರಿಸಿದ ಶಾಸನ ಅಂಥ ಒಂದು ಬರಹ. ಕಂಪ್ಯೂಟರಿಗೆ ಕೆಲಸ ಹೇಳಲು ಬರೆದ ಪ್ರೋಗ್ರಾಂ, ಅಂದರೆ ಕೋಡ್, ಇನ್ನೊಂದು. ಪಠ್ಯಪುಸ್ತಕಗಳಲ್ಲಿ ಕೋಡನ್ನು ಸಾಲುಸಾಲಾಗಿ, ಅಂಕಿ ಹಾಕಿ, ಬೇರೆ ಅಚ್ಚಿನಲ್ಲಿ ಕೊಡುವ ಕೋಡ್ ಪಟ್ಟಿಯ ಸಮಸ್ಯೆಗಳು ಹೊಸ ಕಾಲದವೆಂದು ತೋರಿದರೂ, ಕನ್ನಡ ಮುದ್ರಣ ಅವುಗಳಲ್ಲಿ ಬಹುಪಾಲನ್ನು ನೂರಿಪ್ಪತ್ತು ವರ್ಷಗಳ ಹಿಂದೆಯೇ ಶಾಸನಗಳನ್ನು ಅಚ್ಚು ಹಾಕುವಾಗ ಎದುರಿಸಿತ್ತು. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಶಾಸನಗಳು 1901ರಲ್ಲಿ ಪುಸ್ತಕವಾಗಿ ಹೊರಬಂದದ್ದು ಆ ಚರಿತ್ರೆಯ ಒಂದು ಮುಖ್ಯ ಘಟ್ಟ.

ಆ ಪುಸ್ತಕ ‘ಎಪಿಗ್ರಾಫಿಯ ಕರ್ನಾಟಿಕ’ ಮಾಲೆಯ ಆರನೆಯ ಸಂಪುಟ. ಮಾಲೆಯನ್ನು ಸಂಪಾದಿಸಿದ ಬೆಂಜಮಿನ್ ಲೂಯಿಸ್ ರೈಸ್ 1837ರಲ್ಲಿ ಬೆಂಗಳೂರಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದವರು. ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡುತ್ತ ಮೈಸೂರು ಸಂಸ್ಥಾನದ ಊರೂರು ಸುತ್ತಿದಾಗ ಹಾದಿಬದಿಯಲ್ಲಿ, ಕೆರೆಯ ಏರಿಗಳಲ್ಲಿ, ಗುಡಿಗಳ ಅಂಗಳದಲ್ಲಿ ನಿಂತಿದ್ದ ಬರಹದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಮೇಜರ್ ಡಿಕ್ಸನ್ ತೆಗೆದಿದ್ದ ಫೋಟೋಗಳನ್ನು ಆಧರಿಸಿ ಅವರು 1879ರಲ್ಲಿ ಮೈಸೂರು ಶಾಸನಗಳ ಒಂದು ಸಂಕಲನವನ್ನು ಹೊರತಂದರು, ಮತ್ತು 1886ರಲ್ಲಿ ಕೊಡಗಿನ ಶಾಸನಗಳೊಂದಿಗೆ ಹೊಸ ಮಾಲೆಯನ್ನು ಆರಂಭಿಸಿದರು. 1889ರಲ್ಲಿ ಶ್ರವಣಬೆಳಗೊಳದ ಸಂಪುಟ ಬಂತು, ಆಮೇಲೆ ಜಿಲ್ಲೆಗೊಂದು ಎರಡರಂತೆ ಸಂಪುಟಗಳು ಬಂದವು, ಮತ್ತು ಮೊದಲ ಹನ್ನೆರಡು ಸಂಪುಟಗಳು ಮುಗಿಯುವ ಹೊತ್ತಿಗೆ ಸುಮಾರು 9,000 ಶಾಸನಗಳು ಅಚ್ಚಿನಲ್ಲಿದ್ದವು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆಯೆಂದೇ ಹೆಸರು. ಆಡಳಿತದ ಕೇಂದ್ರ ಚಿಕ್ಕಮಗಳೂರಿಗೆ ಹೋದ ಮೇಲೂ ಆ ಹೆಸರು 1947ರವರೆಗೆ ಉಳಿದಿತ್ತು. ಆದ್ದರಿಂದ ಆರನೆಯ ಸಂಪುಟದ ಮುಖಪುಟದಲ್ಲಿ ಇರುವುದು ಕಡೂರು ಜಿಲ್ಲೆಯ ಶಾಸನಗಳು ಎಂಬ ಹೆಸರು.

ಸಂಪುಟದ ರಚನೆಯೇ ಗಮನಿಸತಕ್ಕದ್ದು. ಚರಿತ್ರೆಯನ್ನು ನಿರೂಪಿಸುವ ಪೀಠಿಕೆ ಮೊದಲು ಬರುತ್ತದೆ. ಅದರ ಜೊತೆಗೆ ಇಂಗ್ಲಿಷ್ ಅನುವಾದ, ರೋಮನ್ ಲಿಪಿಯಲ್ಲಿ ಶಾಸನಪಾಠ, ಕನ್ನಡ ಲಿಪಿಯಲ್ಲಿ ಅದೇ ಪಾಠ ಇರುತ್ತವೆ. ಒಂದೇ ಮೂಲವನ್ನು ಎರಡು ಲಿಪಿಗಳಲ್ಲಿ ಇಡೀ ಅಚ್ಚು ಹಾಕುವುದು ದುಬಾರಿಯ ಕೆಲಸ. ಆದರೂ ಅದನ್ನು ಮಾಡಿದ್ದರಿಂದ ಕನ್ನಡ ಅಕ್ಷರ ತಿಳಿಯದ ದೂರದ ವಿದ್ವಾಂಸರಿಗೂ ಅನುವಾದವನ್ನು ಪಾಠದೊಂದಿಗೆ ಹೋಲಿಸಿ ನೋಡುವ ಅವಕಾಶ ದೊರೆಯಿತು. ಅನುವಾದವನ್ನಷ್ಟೇ ಕೊಟ್ಟಿದ್ದರೆ ಓದುವವರು ಸಂಪಾದಕರ ಮಾತನ್ನು ನಂಬಬೇಕಾಗುತ್ತಿತ್ತು. ಪಾಠವನ್ನೂ ಕೊಟ್ಟದ್ದರಿಂದ ಸಂಪಾದಕರು ಪರೀಕ್ಷೆಗೆ ಒಳಗಾಗಲು ಸಿದ್ಧರಾದರು. ಇಡೀ ಮಾಲೆಯ ಘನತೆ ಇರುವುದು ಈ ಸಿದ್ಧತೆಯಲ್ಲಿ.

ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರು ಮತ್ತು ಒಂದು ಅಂಕಿಯನ್ನು ಗುರುತಾಗಿ ಕೊಡಲಾಯಿತು: ಕಡೂರು 1, ತರೀಕೆರೆ 45 ಎಂಬಂತೆ. ಅಂಕಿಯ ಕೆಳಗೆ ಕಲ್ಲು ಯಾವ ಊರಿನಲ್ಲಿ, ಯಾವ ಗುಡಿಯ ಯಾವ ಬದಿಯಲ್ಲಿ ನಿಂತಿದೆ ಎಂಬ ವಿವರ ಬಂತು. ಈ ಪದ್ಧತಿ ಎಷ್ಟು ಗಟ್ಟಿಯಾಯಿತೆಂದರೆ ಊರಿನ ಹೆಸರಿಗಿಂತ ಅಂಕಿಯೇ ವಿದ್ವಾಂಸರ ನಾಲಗೆಯ ಮೇಲೆ ನಿಂತಿತು. ಗಂಗ ಮನೆತನಕ್ಕೆ ಸೇರಿದ ಪಾಂಬಬ್ಬೆ ತಲೆಗೂದಲು ತೆಗೆದು ಮೂವತ್ತು ವರ್ಷ ತಪಸ್ಸು ಮಾಡಿ ದೇಹವಿಟ್ಟುದನ್ನು ಹೇಳುವ, ಕ್ರಿ.ಶ. 971ರ ಶಾಸನವನ್ನು ಜೈನಧರ್ಮದ ಚರಿತ್ರೆ ಬರೆದವರು ಕಡೂರು 1 ಎಂದು ಉಲ್ಲೇಖಿಸಿದರೆ ಸಾಕಾಗುತ್ತಿತ್ತು. ಆಡಳಿತದ ಗಡಿಗಳು ಬದಲಾದರೂ ಗುರುತು ಬದಲಾಗುವುದಿಲ್ಲ ಎಂಬುದು ಇದರ ಇನ್ನೊಂದು ಗುಣ. ಬಹುಕಾಲ ತರೀಕೆರೆ ತಾಲ್ಲೂಕಿನ ಹೋಬಳಿಯಾಗಿದ್ದ ಅಜ್ಜಂಪುರ ಈಗ ತಾನೇ ಒಂದು ತಾಲ್ಲೂಕು. ಹಾಗಿದ್ದರೂ ಆ ಹೋಬಳಿಯ ಕಲ್ಲುಗಳನ್ನು ರೈಸ್ ಸಂಪುಟದಿಂದ ಉಲ್ಲೇಖಿಸುವವರು ತರೀಕೆರೆಯ ಅಂಕಿಯನ್ನೇ ಬಳಸಬೇಕು, ಏಕೆಂದರೆ ಅದನ್ನು ತಿದ್ದಿದರೆ ನೂರು ವರ್ಷಗಳ ಪುಸ್ತಕಗಳಲ್ಲಿರುವ ಉಲ್ಲೇಖಗಳೆಲ್ಲ ದಾರಿ ತಪ್ಪುತ್ತವೆ. ಪ್ರೋಗ್ರಾಮಿನ ಸಾಲಿಗೆ ಅಂಕಿ ಕೊಟ್ಟು ಪುಸ್ತಕದ ವಿವರಣೆಯಲ್ಲಿ ಆ ಅಂಕಿಯಿಂದಲೇ ಸಾಲನ್ನು ಕರೆಯುವ ರೂಢಿಯ ಹಿಂದೆ ಇರುವುದೂ ಇದೇ ಅಗತ್ಯ.

ಕಲ್ಲಿನಿಂದ ಪುಟಕ್ಕೆ ಬರುವ ದಾರಿ ಮಾತ್ರ ಉದ್ದವಾದದ್ದು. ಮೊದಲು ಕಲ್ಲನ್ನು ತೊಳೆದು, ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹರಡಿ, ಕುಂಚದಿಂದ ಬಡಿದು ಅಕ್ಷರದ ಗುಳಿಗಳೊಳಗೆ ಕಾಗದ ಇಳಿಯುವಂತೆ ಮಾಡುತ್ತಾರೆ. ಅದು ಆರುತ್ತ ಬಂದಾಗ ಮಸಿಯ ಗಾದಿಯನ್ನು ಮೇಲೆ ಒತ್ತಿದರೆ ಕಲ್ಲಿನ ಉಬ್ಬಿದ ಭಾಗವೆಲ್ಲ ಕಪ್ಪಾಗಿ, ಕೊರೆದ ಅಕ್ಷರ ಬಿಳಿಯಾಗಿ ಕಾಣಿಸುತ್ತದೆ. ಇದಕ್ಕೆ ಪಡಿಯಚ್ಚು ಎಂದು ಹೆಸರು. ಪಡಿಯಚ್ಚನ್ನು ಪಂಡಿತರು ಓದಿ ಕೈಬರಹದಲ್ಲಿ ಪ್ರತಿ ಮಾಡಬೇಕು, ಪ್ರತಿಯನ್ನು ಮೊಳೆ ಜೋಡಿಸುವವನು ಅಚ್ಚಿನ ಪಡಿಗೆ ಏರಿಸಬೇಕು, ಕರಡು ತಿದ್ದುವವನು ಅದನ್ನು ಪ್ರತಿಯೊಂದಿಗೆ ತಾಳೆ ನೋಡಬೇಕು. ಪ್ರತಿ ಹಂತದಲ್ಲೂ ಒಂದು ಅಪಾಯ ಕಾದಿರುತ್ತದೆ, ಮತ್ತು ಆ ಅಪಾಯ ಅಜ್ಞಾನದಿಂದ ಬರುವುದಕ್ಕಿಂತ ಹೆಚ್ಚಾಗಿ ತಿಳಿವಳಿಕೆಯಿಂದಲೇ ಬರುತ್ತದೆ. ಶಾಸನದಲ್ಲಿ ‘ಧರ್ಮ್ಮ’ ಎಂದು ಇಮ್ಮಡಿ ಮಕಾರ ಇದ್ದರೆ, ಕಾಗುಣಿತ ಬಲ್ಲ ಕಂಪೋಸಿಟರನ ಕೈ ತಾನಾಗಿ ‘ಧರ್ಮ’ ಎಂದು ಜೋಡಿಸಲು ಹೋಗುತ್ತದೆ. ಕಂಡರಿಸಿದವನು ದೀರ್ಘವನ್ನು ಬಿಟ್ಟಿದ್ದರೆ ಪಂಡಿತರ ಲೇಖನಿ ಅದನ್ನು ತುಂಬಲು ತವಕಿಸುತ್ತದೆ. ಹಳಗನ್ನಡದ ‘ಱ’ ಮತ್ತು ‘ೞ’ ಅಕ್ಷರಗಳಂತೂ ಆಗಿನ ದಿನಬಳಕೆಯ ಬರವಣಿಗೆಯಿಂದ ಮರೆಯಾಗಿ ಶತಮಾನಗಳೇ ಕಳೆದಿದ್ದವು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟಿನಂತಹ ವಿದ್ವತ್ ಗ್ರಂಥಗಳಿಗಾಗಿ ಅವುಗಳ ಮೊಳೆಗಳು ಬಳಕೆಗೆ ಬಂದಿರದಿದ್ದರೆ ಶಾಸನದ ಭಾಷೆಯ ಕಾಲವನ್ನೇ ಅಳೆಯಲು ನೆರವಾಗುವ ವ್ಯತ್ಯಾಸವೊಂದು ಪುಟದ ಮೇಲೆ ಅಳಿಸಿಹೋಗುತ್ತಿತ್ತು.

ಈ ಸೀಮೆಯ ಶಾಸನಗಳಲ್ಲಿ ಸಾಹಿತ್ಯದ ದೃಷ್ಟಿಯಿಂದ ಎಲ್ಲಕ್ಕೂ ಮಿಗಿಲಾದದ್ದು ಅಮೃತಾಪುರದ್ದು. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾಗಿದ್ದ ಅಮಿತಯ್ಯ ಅಥವಾ ಅಮೃತೇಶ್ವರ ದಂಡನಾಯಕನು 1196ರಲ್ಲಿ ಅಲ್ಲಿ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದನು. ಮುಂದೆ ಹೊಯ್ಸಳ ಶಿಲ್ಪದಲ್ಲಿ ದೊಡ್ಡ ಹೆಸರು ಪಡೆದ ಮಲ್ಲಿತಮ್ಮ ಎಂಬ ಶಿಲ್ಪಿ ಇಲ್ಲಿ ಕೆಲಸ ಮಾಡಿದ್ದಾನೆ. ದೇವಾಲಯದ ಮಂಟಪದ ಬಳಿ ನಿಂತ ದೊಡ್ಡ ಶಾಸನಕಲ್ಲಿನ ಪಠ್ಯವೇ ರೈಸ್ ಸಂಪುಟದ ತರೀಕೆರೆ 45. ಅದನ್ನು ರಚಿಸಿದವನು ಜನ್ನ. 1209ರಲ್ಲಿ ‘ಯಶೋಧರ ಚರಿತೆ’ಯನ್ನೂ 1230ರಲ್ಲಿ ‘ಅನಂತನಾಥ ಪುರಾಣ’ವನ್ನೂ ಬರೆದು, ಕವಿಚಕ್ರವರ್ತಿಯೆಂಬ ಬಿರುದು ಪಡೆದ ಕವಿ ಅವನು. ರೈಸ್ ಅವರ ಸಹಾಯಕರಾಗಿ ಪುರಾತತ್ತ್ವ ಇಲಾಖೆಯನ್ನು ಸೇರಿ, 1906ರಲ್ಲಿ ಅವರ ಸ್ಥಾನಕ್ಕೆ ಬಂದ ಆರ್. ನರಸಿಂಹಾಚಾರ್ಯರು ಮರುವರ್ಷ ಹೊರಬಂದ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟದ ಮೂಲಕ ಕನ್ನಡ ಕವಿಗಳ ಕಾಲವಿಚಾರಕ್ಕೆ ಅಡಿಪಾಯ ಹಾಕಿದರು, ಚನ್ನರಾಯಪಟ್ಟಣ 179, ತರೀಕೆರೆ 45 ಎಂಬ ಎರಡು ಶಾಸನಗಳು ಜನ್ನನ ರಚನೆಗಳೆಂಬುದು ಅವರ ಕೃತಿಯಿಂದ ಕನ್ನಡ ಓದುಗರ ತಿಳಿವಳಿಕೆಯಲ್ಲಿ ನೆಲೆಯೂರಿತು. ಕಾವ್ಯ ಬರೆಯುವುದಕ್ಕೆ ಮೊದಲೇ ಕವಿಯೊಬ್ಬ ಕಲ್ಲಿಗಾಗಿ ಪದ್ಯ ಕಟ್ಟಿದ್ದನೆಂಬುದು, ಆ ಕಲ್ಲಿನ ಪಠ್ಯ ಅಚ್ಚಿಗೆ ಬಂದು ಕಾವ್ಯದ ಪಕ್ಕದಲ್ಲಿಟ್ಟು ಓದಲು ಸಿಕ್ಕಿದ್ದರಿಂದಲೇ ಎಲ್ಲರಿಗೂ ತಿಳಿಯುವಂತಾಯಿತು.

ಇಂಥ ಕಾವ್ಯಮಯ ಶಾಸನವನ್ನು ಅಚ್ಚು ಹಾಕುವವರ ಮುಂದೆ ಒಂದು ನಿಜವಾದ ಇಕ್ಕಟ್ಟು ನಿಲ್ಲುತ್ತದೆ. ಕಂದ, ವೃತ್ತ, ಗದ್ಯಗಳು ಬೆರೆತ ಪಠ್ಯವನ್ನು ಕಂಡರಿಸುವವನು ಕಲ್ಲಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಎಡೆಬಿಡದೆ ತುಂಬುತ್ತ ಹೋಗಿರುತ್ತಾನೆ. ಪದಗಳ ನಡುವೆ ತೆರಪಿಲ್ಲ, ಪದದ ನಡುವೆಯೇ ಸಾಲು ಮುಗಿಯುತ್ತದೆ, ಪದ್ಯದ ಪಾದ ಎಲ್ಲಿ ಮುಗಿಯಿತೆಂಬುದು ಕಲ್ಲಿನ ಸಾಲಿನಿಂದ ತಿಳಿಯುವುದಿಲ್ಲ. ‘ಕಂ’, ‘ವೃ’ ಎಂಬ ಚಿಕ್ಕ ಗುರುತುಗಳೂ ಎರಡು ನಿಲುಗೆರೆಗಳೂ ಮಾತ್ರ ಛಂದಸ್ಸು ಬದಲಾದುದನ್ನು ಸೂಚಿಸುತ್ತವೆ. ಸಂಪಾದಕರು ಪಾದಗಳಿಗೆ ತಕ್ಕಂತೆ ಸಾಲು ಮುರಿದರೆ ಪುಟದ ಮೇಲೆ ಪದ್ಯ ಪದ್ಯವಾಗಿ ಕಂಗೊಳಿಸುತ್ತದೆ, ಛಂದಸ್ಸಿನ ತಪ್ಪು ಒಪ್ಪುಗಳು ಕೂಡಲೇ ಗೋಚರಿಸುತ್ತವೆ, ಆದರೆ ಕಲ್ಲಿನ ಸಾಲುಗಳು ಕಳೆದುಹೋಗುತ್ತವೆ. ಕಲ್ಲಿನ ಸಾಲುಗಳನ್ನೇ ಉಳಿಸಿದರೆ ಮುಂದೊಬ್ಬರು ಕಲ್ಲಿನೆದುರು ನಿಂತು ಹನ್ನೆರಡನೆಯ ಸಾಲಿನ ಒಂದು ಅಕ್ಷರವನ್ನು ಹುಡುಕಿ ತಾಳೆ ನೋಡಬಹುದು, ಆದರೆ ಪದ್ಯದ ಚೆಲುವು ಪುಟದಲ್ಲಿ ಮುಚ್ಚಿಹೋಗುತ್ತದೆ. ಪದಗಳನ್ನು ಬಿಡಿಸುವುದೂ ಇದೇ ಬಗೆಯದು: ಬಿಡಿಸದಿದ್ದರೆ ಓದಲಾಗದು, ಬಿಡಿಸಿದರೆ ಅದು ಆಗಲೇ ಒಂದು ವ್ಯಾಖ್ಯಾನ.

ಮೈಸೂರು ವಿಶ್ವವಿದ್ಯಾನಿಲಯ 1972ರಲ್ಲಿ ಕೊಡಗಿನ ಸಂಪುಟದಿಂದ ಆರಂಭಿಸಿದ ಪರಿಷ್ಕೃತ ಮಾಲೆಯಲ್ಲಿ ಕಲ್ಲಿನ ಸಾಲಿಗೆ ಸಾಲನ್ನು ಉಳಿಸಿ, ಅಂಚಿನಲ್ಲಿ ಅಂಕಿ ಕೊಡುವ ಕ್ರಮವನ್ನು ಅನುಸರಿಸಲಾಯಿತು. ಕಲ್ಲು ಅಗಲವಾಗಿದ್ದು ಅದರ ಒಂದು ಸಾಲು ಪುಟದ ಒಂದು ಸಾಲಿನಲ್ಲಿ ಹಿಡಿಯದಿದ್ದರೆ ಅದು ಮುಂದಿನ ಸಾಲಿಗೆ ತಿರುಗುತ್ತದೆ. ತಿರುಗಿದ ಭಾಗಕ್ಕೆ ಅಂಕಿ ಇರುವುದಿಲ್ಲ, ಆದ್ದರಿಂದ ಮುರಿದದ್ದು ಕಲ್ಲಲ್ಲ, ಪುಟ ಎಂಬುದು ಓದುವವರಿಗೆ ಸ್ಪಷ್ಟವಾಗುತ್ತದೆ. ಅಳಿಸಿಹೋದ ಅಕ್ಷರಗಳಿಗೆ ಚುಕ್ಕಿಗಳು, ಮಸುಕಾಗಿ ಸಂಶಯದಿಂದ ಓದಿದ ಅಕ್ಷರಗಳಿಗೆ ಚೌಕ ಕಂಸ, ಸಂಪಾದಕರ ತಿದ್ದುಪಡಿಗೆ ದುಂಡು ಕಂಸ, ಕಲ್ಲಿನ ಹಿಂಭಾಗಕ್ಕೋ ಬಲಬದಿಗೋ ಪಠ್ಯ ಹೊರಳಿದರೆ ಅದನ್ನು ತಿಳಿಸುವ ಬಿಡಿ ಟಿಪ್ಪಣಿ, ಇವೆಲ್ಲ ಭಾರತದ ಶಾಸನಸಂಪಾದನೆಯಲ್ಲಿ ಬೆಳೆದುಬಂದ ರೂಢಿಗಳು. ಗ್ರೀಕ್, ಲ್ಯಾಟಿನ್ ಬರಹಗಳನ್ನು ಸಂಪಾದಿಸುವವರು ಇಂಥವೇ ಚಿಹ್ನೆಗಳನ್ನು ಹಾಲೆಂಡಿನ ಲೈಡನ್ ನಗರದಲ್ಲಿ 1931ರಲ್ಲಿ ಸೇರಿ ಏಕರೂಪಕ್ಕೆ ತಂದರು. ಎಲ್ಲದರ ತಿರುಳು ಒಂದೇ: ಮೂಲದಲ್ಲಿ ಇದ್ದದ್ದು ಯಾವುದು, ಮುದ್ರಣ ಸೇರಿಸಿದ್ದು ಯಾವುದು ಎಂಬುದು ಎಂದೂ ಬೆರೆತುಹೋಗಬಾರದು.

ಪ್ರೋಗ್ರಾಮುಗಳ ಮುದ್ರಣ ಈ ಇಕ್ಕಟ್ಟಿಗೆ ಬೇರೊಂದು ದಾರಿಯಿಂದ ಬಂದು ಸೇರಿತು. 1957ರಲ್ಲಿ ಐಬಿಎಂ ಕಂಪನಿ ಬಳಕೆಗೆ ತಂದ ಫೋರ್ಟ್ರಾನ್ ಭಾಷೆಯಲ್ಲಿ ಒಂದು ಆದೇಶವೆಂದರೆ ಎಂಬತ್ತು ಕಲಮುಗಳ ಒಂದು ರಟ್ಟಿನ ಕಾರ್ಡು. ಮೊದಲ ಐದು ಕಲಮು ಆದೇಶದ ಅಂಕಿಗೆ, ಆರನೆಯದು ಹಿಂದಿನ ಕಾರ್ಡಿನ ಮುಂದುವರಿಕೆಯನ್ನು ತಿಳಿಸುವ ಗುರುತಿಗೆ, ಏಳರಿಂದ ಎಪ್ಪತ್ತೆರಡರವರೆಗೆ ಆದೇಶಕ್ಕೆ ಮೀಸಲಾಗಿತ್ತು. ಅಕ್ಷರ ಎಷ್ಟನೆಯ ಕಲಮಿನಲ್ಲಿ ನಿಂತಿದೆ ಎಂಬುದೇ ಅದರ ಅರ್ಥವನ್ನು ನಿರ್ಧರಿಸುತ್ತಿದ್ದುದರಿಂದ ಅದನ್ನು ಅಚ್ಚು ಹಾಕುವಾಗಲೂ ಎಲ್ಲ ಅಕ್ಷರಗಳಿಗೆ ಸಮಾನ ಅಗಲ ಕೊಡುವ, ಬೆರಳಚ್ಚು ಯಂತ್ರದ ಬಗೆಯ ಅಚ್ಚನ್ನೇ ಬಳಸಬೇಕಾಯಿತು. ಇಂದಿಗೂ ಕೋಡ್ ಎಂದರೆ ಸಮಾನ ಅಗಲದ ಅಕ್ಷರವೆಂಬ ರೂಢಿ ಉಳಿದಿರುವುದು ಆ ಕಾಲದ ಬಳುವಳಿ. 1960ರಲ್ಲಿ ಪೀಟರ್ ನೌರ್ ಸಂಪಾದಿಸಿದ ಆಲ್ಗಾಲ್ 60 ಭಾಷೆಯ ವರದಿ ಬೇರೊಂದು ನಿಲುವನ್ನು ತಳೆಯಿತು. ಭಾಷೆಯನ್ನು ವ್ಯಾಖ್ಯಾನಿಸುವ ಆಧಾರರೂಪ, ಪುಸ್ತಕದಲ್ಲಿ ಅಚ್ಚಾಗುವ ಪ್ರಕಟಣರೂಪ, ಯಂತ್ರಕ್ಕೆ ಊಡಿಸುವ ಯಂತ್ರರೂಪ ಎಂದು ಅದು ಮೂರನ್ನು ಬೇರ್ಪಡಿಸಿ, ಒಂದರಿಂದ ಇನ್ನೊಂದಕ್ಕೆ ಹೋಗುವ ನಿಯಮ ಸ್ಪಷ್ಟವಾಗಿದ್ದರೆ ಸಾಕೆಂದಿತು. ಒಂದೇ ಶಾಸನವನ್ನು ರೋಮನ್ ಮತ್ತು ಕನ್ನಡ ಲಿಪಿಗಳಲ್ಲಿ ಅಚ್ಚು ಹಾಕಿದ ರೈಸ್ ಅವರ ಸಂಪುಟಗಳು ನಡೆದದ್ದೂ ಅದೇ ತತ್ತ್ವದ ಮೇಲೆ.

ಚಂದವಾಗಿ ಅಚ್ಚು ಹಾಕುವುದೋ, ಇದ್ದದ್ದನ್ನು ಇದ್ದಂತೆಯೇ ಅಚ್ಚು ಹಾಕುವುದೋ ಎಂಬ ಪ್ರಶ್ನೆ ಆಮೇಲೆ ಮತ್ತೆ ಮತ್ತೆ ಎದ್ದಿದೆ. 1978ರಲ್ಲಿ ಬ್ರಯಾನ್ ಕರ್ನಿಗನ್ ಮತ್ತು ಡೆನಿಸ್ ರಿಚಿ ಸಿ ಭಾಷೆಯ ಕುರಿತು ಬರೆದ ಪುಸ್ತಕದ ಉದಾಹರಣೆಗಳನ್ನು ಪುಸ್ತಕದ ಕಡತದಿಂದಲೇ ನೇರವಾಗಿ ಯಂತ್ರಕ್ಕೆ ಕೊಟ್ಟು ಪರೀಕ್ಷಿಸಲಾಗಿತ್ತು. ಪ್ರೋಗ್ರಾಮನ್ನು ಒಮ್ಮೆ ಬರೆದು, ಇನ್ನೊಬ್ಬರು ಅದನ್ನು ಅಚ್ಚಿಗಾಗಿ ಮತ್ತೆ ಜೋಡಿಸುವ ಹಂತವೇ ಇಲ್ಲದ್ದರಿಂದ ಕೈತಪ್ಪಿಗೆ ಎಡೆಯಿರಲಿಲ್ಲ. ಪಡಿಯಚ್ಚಿನಿಂದ ಪ್ರತಿ, ಪ್ರತಿಯಿಂದ ಮೊಳೆ ಎಂಬ ಸರಪಳಿಯನ್ನು ಬಲ್ಲವರಿಗೆ ಇದು ಎಂಥ ಬಿಡುಗಡೆಯೆಂದು ವಿವರಿಸಬೇಕಾಗಿಲ್ಲ. ಅದೇ ಹೊತ್ತಿಗೆ, ತಮ್ಮ ಗ್ರಂಥದ ಹೊಸ ಆವೃತ್ತಿಯ ಕರಡುಗಳ ಅಂದಗೆಟ್ಟ ಅಚ್ಚನ್ನು ಕಂಡು ಬೇಸತ್ತ ಡೊನಾಲ್ಡ್ ಕನೂತ್ ಟೆಕ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯನ್ನು ರೂಪಿಸಲು ತೊಡಗಿದ್ದರು. 1984ರಲ್ಲಿ ಅವರು ಮಂಡಿಸಿದ ವೆಬ್ ಎಂಬ ಪದ್ಧತಿಯಲ್ಲಿ ಪ್ರೋಗ್ರಾಮೂ ಅದರ ವಿವರಣೆಯೂ ಒಂದೇ ಕಡತದಲ್ಲಿದ್ದು, ಅಚ್ಚಿನಲ್ಲಿ ಆದೇಶಪದಗಳು ದಪ್ಪಕ್ಷರವಾಗಿ, ಕೀಲಿಮಣೆಯ ಒರಟು ಚಿಹ್ನೆಗಳು ಗಣಿತದ ಚಿಹ್ನೆಗಳಾಗಿ ಬದಲಾಗುತ್ತಿದ್ದವು. ಪಾದಕ್ಕೆ ತಕ್ಕಂತೆ ಪದ್ಯವನ್ನು ಮುರಿದು ಅಚ್ಚು ಹಾಕುವ ಸಂಪಾದಕರ ದಾರಿ ಇದು: ಓದಲು ಸೊಗಸು, ಆದರೆ ಪುಟವನ್ನು ನೋಡಿ ಕೀಲಿಮಣೆಯಲ್ಲಿ ಹಾಗೆಯೇ ಟೈಪು ಮಾಡುವ ವಿದ್ಯಾರ್ಥಿಗೆ ತೊಡಕು.

ಟೆಕ್ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ ಲೇಟೆಕ್ ವ್ಯವಸ್ಥೆ ಯಥಾವತ್ ಮುದ್ರಣಕ್ಕೆಂದೇ ಒಂದು ಆವರಣವನ್ನು ಒದಗಿಸಿತು. ಸಾಮಾನ್ಯವಾಗಿ ಈ ವ್ಯವಸ್ಥೆಯಲ್ಲಿ ಶೇಕಡಾ ಚಿಹ್ನೆ ಬಂದರೆ ಆ ಸಾಲಿನ ಮುಂದಿನ ಭಾಗ ಟಿಪ್ಪಣಿಯೆಂದು ಅಚ್ಚಿನಿಂದ ಬಿಟ್ಟುಹೋಗುತ್ತದೆ, ಡಾಲರ್ ಚಿಹ್ನೆ ಗಣಿತವನ್ನು ಆರಂಭಿಸುತ್ತದೆ, ಅನೇಕ ತೆರಪುಗಳು ಒಂದಾಗಿ ಕೂಡಿಕೊಳ್ಳುತ್ತವೆ. ಯಥಾವತ್ ಆವರಣದೊಳಗೆ ಮಾತ್ರ ಈ ಚಿಹ್ನೆಗಳೆಲ್ಲ ತಮ್ಮ ಅಧಿಕಾರ ಕಳೆದುಕೊಂಡು ಬರಿಯ ಅಕ್ಷರಗಳಾಗಿ, ಇದ್ದ ಜಾಗದಲ್ಲೇ ಅಚ್ಚಾಗುತ್ತವೆ. ಕಾರ್ಸ್ಟನ್ ಹೈಂಟ್ಸ್ 1990ರ ದಶಕದಲ್ಲಿ ಬರೆದ ಲಿಸ್ಟಿಂಗ್ಸ್ ಎಂಬ ಪೊಟ್ಟಣ ಇದಕ್ಕೆ ಸಾಲಿನ ಅಂಕಿ, ಆದೇಶಪದಗಳಿಗೆ ಬೇರೆ ಅಚ್ಚು, ಉದ್ದವಾದ ಸಾಲು ತಿರುಗಿದರೆ ಅದನ್ನು ತಿಳಿಸುವ ಗುರುತು, ಪಟ್ಟಿಗೊಂದು ಶೀರ್ಷಿಕೆ ಮತ್ತು ಕ್ರಮಾಂಕ ಇವನ್ನೆಲ್ಲ ಸೇರಿಸಿತು. ತಿರುಗಿದ ಸಾಲಿಗೆ ಅದರಲ್ಲೂ ಅಂಕಿ ಬೀಳುವುದಿಲ್ಲ. ಪರಸ್ಪರ ಪರಿಚಯವೇ ಇಲ್ಲದ ಎರಡು ಕಸುಬುಗಳು ಒಂದೇ ಕಟ್ಟಳೆಗೆ ಬಂದು ನಿಂತದ್ದು ಆಕಸ್ಮಿಕವಲ್ಲ; ಸಾಲನ್ನು ಗೌರವಿಸಬೇಕಾದ ಯಾವುದೇ ಮುದ್ರಣಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಬೇರೆ ಉಪಾಯ ಇಲ್ಲ. ಆದರೂ ಎರಡರ ನಡುವಿನ ಭೇದವನ್ನು ಮರೆಯುವಂತಿಲ್ಲ. ಕಲ್ಲಿನ ಸಾಲು ಎಲ್ಲಿ ಮುಗಿದಿದೆ ಎಂಬುದು ಸಾಕ್ಷ್ಯವೇ ಹೊರತು ಅರ್ಥವಲ್ಲ. 1991ರಲ್ಲಿ ಹೊರಬಂದ ಪೈಥಾನ್‌ನಂತಹ ಭಾಷೆಯಲ್ಲಾದರೋ ಸಾಲಿನ ಮೊದಲಿಗೆ ಬಿಟ್ಟ ತೆರಪೇ ಯಾವ ಆದೇಶ ಯಾವುದರೊಳಗೆ ಸೇರಿದೆ ಎಂಬುದನ್ನು ಹೇಳುತ್ತದೆ. ಆ ತೆರಪನ್ನು ಅಚ್ಚುಮನೆಯವರು ಚಂದಕ್ಕಾಗಿ ಸರಿಪಡಿಸಿದರೆ ಪ್ರೋಗ್ರಾಂ ಬೇರೆಯೇ ಕೆಲಸ ಮಾಡುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ.

ಕನ್ನಡದಲ್ಲಿ ಕೋಡ್ ಅಚ್ಚು ಹಾಕುವ ಕಷ್ಟ ಇವೆಲ್ಲಕ್ಕಿಂತ ಒಂದು ಪಟ್ಟು ಹೆಚ್ಚು. ಸಮಾನ ಅಗಲದ ಅಚ್ಚಿಗೆ ಕನ್ನಡ ಅಕ್ಷರ ಒಗ್ಗುವುದಿಲ್ಲ: ‘ರ’ ಒಂದು ಅಳತೆಯದಾದರೆ ‘ಕ್ಷ್ಮೀ’ ಇನ್ನೊಂದು, ಒತ್ತಕ್ಷರಗಳು ಕೆಳಗಿಳಿದು ಮುಂದಿನ ಸಾಲಿನ ತಲೆಗೆ ತಾಗುತ್ತವೆ. ಅನಂತ ಸುಬ್ಬರಾಯರು ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆಯನ್ನು ರೂಪಿಸಿದಾಗಲೂ ಅಕ್ಷರವನ್ನು ಬಿಡಿಭಾಗಗಳಾಗಿ ಒಡೆದು ಒಂದರ ಹಿಂದೊಂದರಂತೆ ಒತ್ತುವ ದಾರಿಯನ್ನೇ ಹಿಡಿಯಬೇಕಾಯಿತು. ಕಂಪ್ಯೂಟರ್ ಬಂದ ಮೇಲೆ ಮೊದಲ ದಶಕಗಳ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲೇ ಕನ್ನಡದ ಬಿಡಿಭಾಗಗಳನ್ನು ಕೂರಿಸಿದವು. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿ ವಾಸು ಅವರ ಬರಹ ಮೊದಲಾದ ತಂತ್ರಾಂಶಗಳು ಕನ್ನಡವನ್ನು ಮನೆಮನೆಯ ಕಂಪ್ಯೂಟರಿಗೆ ತಂದ ಉಪಕಾರ ದೊಡ್ಡದು, ಮತ್ತು ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ ಉಚ್ಚಾರಣೆಯನ್ನು ಆಧರಿಸಿದ ಕೀಲಿಮಣೆ ಇಲ್ಲದಿದ್ದರೆ ಆ ಬೆಳವಣಿಗೆ ಅಷ್ಟು ಬೇಗ ಆಗುತ್ತಿರಲಿಲ್ಲ. ಆದರೆ ಅಂಥ ಫಾಂಟುಗಳಲ್ಲಿ ಪುಟ ಕಟ್ಟುವಾಗ, ವಿವರಣೆಯ ನಡುವೆ ಬರುವ ಇಂಗ್ಲಿಷ್ ಆದೇಶವೊಂದಕ್ಕೆ ಫಾಂಟು ಬದಲಿಸಲು ಮರೆತರೆ ಅದು ಅರ್ಥವಿಲ್ಲದ ಕನ್ನಡ ತುಣುಕುಗಳ ಸಾಲಾಗಿ ಅಚ್ಚಾಗುತ್ತದೆ. ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗುತ್ತದೆ, ಎರಡು ಕಿರುಗೆರೆಗಳು ಕೂಡಿ ಒಂದು ಉದ್ದಗೆರೆಯಾಗುತ್ತವೆ, ಸೊನ್ನೆಯೂ ಅನುಸ್ವಾರವೂ ಒಂದರ ಜಾಗದಲ್ಲಿ ಒಂದು ಕೂರುತ್ತವೆ. ಜಿ.ಎಸ್. ಜಗದೀಶ್ ಮತ್ತು ವೆಂಕಟೇಶ್ ಗೋಪಿನಾಥ್ ರೂಪಿಸಿದ ಕನ್‌ಟೆಕ್ ಬೇರೆ ದಾರಿ ಹಿಡಿಯಿತು: ಲೇಖಕರು ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಟೈಪು ಮಾಡಿದರೆ ಅದು ಟೆಕ್ ಮೂಲಕ ಕನ್ನಡ ಲಿಪಿಯಲ್ಲಿ ಅಚ್ಚಾಗುತ್ತಿತ್ತು. ರೈಸ್ ಅವರ ಸಂಪುಟದಲ್ಲಿ ಎರಡು ಭಾಗಗಳಾಗಿದ್ದ ರೋಮನ್ ಪಾಠ ಮತ್ತು ಕನ್ನಡ ಪಾಠ ಇಲ್ಲಿ ಒಂದೇ ಬರಹದ ಒಳಮುಖ ಮತ್ತು ಹೊರಮುಖವಾದವು.

ಎಲ್ಲ ಲಿಪಿಗಳ ಅಕ್ಷರಗಳಿಗೂ ಬೇರೆಬೇರೆ ಸಂಕೇತ ಕೊಡುವ ಯೂನಿಕೋಡ್ ಮತ್ತು ಅದನ್ನು ನೇರವಾಗಿ ಓದಬಲ್ಲ, 2004ರಲ್ಲಿ ಜೊನಾಥನ್ ಕ್ಯೂ ಹೊರತಂದ ಕ್ಸೀಟೆಕ್ ಬಂದ ಮೇಲೆ ಒಂದೇ ಸಾಲಿನಲ್ಲಿ ಕನ್ನಡವೂ ಇಂಗ್ಲಿಷ್ ಆದೇಶವೂ ನಿಲ್ಲುವುದು ಸಾಧ್ಯವಾಯಿತು. ಹಾಗೆಂದು ಕೋಡ್ ಪಟ್ಟಿಯ ಕಷ್ಟ ಪೂರ್ತಿ ತೀರಲಿಲ್ಲ. ಎಂಟು ಬಿಟ್ಟಿನ ಅಕ್ಷರಗಳ ಕಾಲದಲ್ಲಿ ರೂಪುಗೊಂಡ ಲಿಸ್ಟಿಂಗ್ಸ್ ಪೊಟ್ಟಣ ಒಂದೊಂದು ಸಂಕೇತವನ್ನೂ ಒಂದೊಂದು ಸಮಾನ ಪೆಟ್ಟಿಗೆಯಲ್ಲಿ ಇಡಲು ಹೋಗುವುದರಿಂದ ಕನ್ನಡದ ಕಾಗುಣಿತ ಅದರ ಕೈಯಲ್ಲಿ ಚದುರುತ್ತದೆ. ಶಾಸನಗಳ ಮುದ್ರಣಕ್ಕೂ ಯೂನಿಕೋಡ್ ತನ್ನದೇ ಪಾಠ ಕಲಿಸಿತು. ‘ೞ’ ಅಕ್ಷರಕ್ಕೆ ಪಟ್ಟಿಯಲ್ಲಿ ‘ಫ’ ಎಂದು ಧ್ವನಿಸುವ ತಪ್ಪು ಹೆಸರು ಬಿತ್ತು. ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸಬಾರದೆಂಬುದು ಯೂನಿಕೋಡ್ ಸಂಸ್ಥೆಯ ಕಟ್ಟುನಿಟ್ಟಿನ ನಿಯಮವಾದ್ದರಿಂದ ಹೆಸರು ಹಾಗೆಯೇ ಉಳಿದು, ಪಕ್ಕದಲ್ಲಿ ಸರಿಯಾದ ಪರ್ಯಾಯ ಹೆಸರು ಸೇರಿತು. ಬರಹಗಳ ಮೊದಲಿಗೆ ಬರುವ ಸಿದ್ಧಂ ಚಿಹ್ನೆಗೆ 2018ರಲ್ಲಿ, ಹಳೆಯ ಬರವಣಿಗೆಯ ನಕಾರ ಪೊಲ್ಲಿಗೆ 2021ರಲ್ಲಿ ಸಂಕೇತಗಳು ದೊರೆತವು. ಅಲ್ಲಿಯವರೆಗೆ ಅವನ್ನು ಕಂಪ್ಯೂಟರಿನಲ್ಲಿ ಪಠ್ಯವಾಗಿ ಬರೆಯುವ ಒಪ್ಪಿತ ದಾರಿ ಇರಲಿಲ್ಲ.

ಕನ್ನಡದಲ್ಲೇ ಆದೇಶಗಳಿರುವ ಪ್ರೋಗ್ರಾಂ ಕೂಡ ಕಲ್ಪನೆಯ ಮಾತಲ್ಲ. ಮಕ್ಕಳಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸಲು 1967ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಲೋಗೋ ಭಾಷೆಯ ಕನ್ನಡ ಆವೃತ್ತಿಯನ್ನು ಡಾ. ಯು.ಬಿ. ಪವನಜ ಸಿದ್ಧಪಡಿಸಿದ್ದಾರೆ. ಇಂಥ ಪ್ರೋಗ್ರಾಮನ್ನು ಅಚ್ಚು ಹಾಕುವಾಗ ಕಣ್ಣಿಗೆ ಕಾಣದ ಸಂಕೇತಗಳ ಪ್ರಶ್ನೆಯೂ ಬರುತ್ತದೆ. ‘ರಾಜ್‌ಕುಮಾರ್’ ಎಂಬ ಹೆಸರಿನಲ್ಲಿ ಜಕಾರಕ್ಕೆ ಕಕಾರ ಒತ್ತಾಗದಂತೆ ತಡೆಯುವುದು ಅಗಲವೇ ಇಲ್ಲದ ಒಂದು ಸಂಕೇತ. ಅದು ಇದ್ದ ಪದ, ಇಲ್ಲದ ಪದ ಯಂತ್ರಕ್ಕೆ ಎರಡು ಬೇರೆ ಪದಗಳು. ‘ಕೊ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಪುಟದ ಮೇಲೆ ಭೇದ ಕಾಣದು. ಆದ್ದರಿಂದ ಕಲ್ಲಿನ ಪಡಿಯಚ್ಚನ್ನು ಇಲಾಖೆ ಕಾಪಿಡುವಂತೆ, ಅಚ್ಚಾದ ಕೋಡಿನ ಮೂಲ ಕಡತವನ್ನೂ ಓದುವವರಿಗೆ ದೊರೆಯುವಂತೆ ಕಾಪಿಡುವುದು ಕನ್ನಡದ ಮಟ್ಟಿಗೆ ಅನಿವಾರ್ಯ.

ಚೆಲುವು ಮತ್ತು ನಿಷ್ಠೆಗಳಲ್ಲಿ ಒಂದನ್ನೇ ಆರಿಸಬೇಕಾದರೆ ನಿಷ್ಠೆಯೇ ಮೊದಲು ಎಂಬುದನ್ನು ಶಾಸನಸಂಪಾದನೆಯ ಚರಿತ್ರೆ ಸ್ಪಷ್ಟವಾಗಿ ತೋರಿಸಿದೆ: ಪಾಠ ನಂಬಲರ್ಹವಾಗಿದ್ದರೆ ಪಾದ ಬಿಡಿಸಿದ ಸೊಗಸಾದ ರೂಪವನ್ನು ಯಾರು ಬೇಕಾದರೂ ಆಮೇಲೆ ಸಿದ್ಧಪಡಿಸಬಹುದು, ಆದರೆ ಸೊಗಸಿಗಾಗಿ ಕಳೆದುಕೊಂಡ ಸಾಲನ್ನು, ಕಲ್ಲು ಒಡೆದುಹೋದ ಮೇಲೆ, ಯಾರೂ ಮರಳಿ ತರಲಾರರು. ಕನ್ನಡದಲ್ಲಿ ಕಂಪ್ಯೂಟರ್ ಪುಸ್ತಕ ಬರೆಯುವವರು, ಪಠ್ಯಪುಸ್ತಕ ಅಚ್ಚು ಹಾಕಿಸುವವರು, ಪುಟ ಕಟ್ಟುವವರು ತಮಗೆ ಮಾದರಿಯಿಲ್ಲವೆಂದು ಇಂಗ್ಲಿಷ್ ಪುಸ್ತಕಗಳನ್ನಷ್ಟೇ ನೋಡಬೇಕಾಗಿಲ್ಲ. ಗ್ರಂಥಾಲಯದಲ್ಲಿ ಪರಿಷ್ಕೃತ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂದು ಸಂಪುಟವನ್ನು ತೆರೆದು, ಅಲ್ಲಿ ಸಾಲಿಗೆ ಅಂಕಿ ಕೊಟ್ಟ ರೀತಿಯನ್ನು, ತಿರುಗಿದ ಸಾಲನ್ನು ತೋರಿಸಿದ ರೀತಿಯನ್ನು, ಸಂಪಾದಕರ ಮಾತನ್ನು ಮೂಲದಿಂದ ಬೇರ್ಪಡಿಸಿದ ರೀತಿಯನ್ನು ಗಮನಿಸಿದರೆ ಬೇಕಾದ ನಿಯಮಗಳೆಲ್ಲ ಸಿಗುತ್ತವೆ. ಕೋಡನ್ನು ಪುಟ ಕಟ್ಟುವವರು ಮತ್ತೆ ಟೈಪು ಮಾಡದೆ, ಓಡಿಸಿ ನೋಡಿದ ಕಡತದಿಂದಲೇ ತೆಗೆದುಕೊಳ್ಳಲಿ; ತೆರಪನ್ನೂ ಉದ್ಧರಣ ಚಿಹ್ನೆಯನ್ನೂ ಯಾರೂ ತಿದ್ದದಿರಲಿ; ಅಚ್ಚಾದ ಮೇಲೆ ಕರಡು ತಿದ್ದುವವರು ಪುಟದಿಂದ ಯಂತ್ರಕ್ಕೆ ಮರಳಿ ಟೈಪು ಮಾಡಿ ಒಮ್ಮೆ ಓಡಿಸಿ ನೋಡಲಿ. ತರೀಕೆರೆ 45ರ ಕಲ್ಲು ಅಮೃತಾಪುರದಲ್ಲಿ ಈಗಲೂ ನಿಂತಿದೆ, ದೇವಾಲಯ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಅಚ್ಚಾದ ಪಾಠವನ್ನು ಕೈಯಲ್ಲಿ ಹಿಡಿದು ಅದರೊಂದಿಗೆ ತಾಳೆ ನೋಡುವ ಅವಕಾಶ ಕನ್ನಡ ಓದುವ ಪ್ರತಿಯೊಬ್ಬರಿಗೂ ಇದೆ.